ಅಂಗಾಲಿಗೂ ಒಂದು ಕಣ್ಣು

ಸರ್ಕಾರಿ ಆಸ್ಪತ್ರೆಯ ಹೊರರೋಗಿ ವಿಭಾಗದ ಬಾಗಿಲಲ್ಲಿ ಬಿಟ್ಟಿರುವ ಚಪ್ಪಲಿಗಳನ್ನು ಒಂದು ಗಳಿಗೆ ನಿಂತು ನೋಡಿದರೆ ಒಳಗೆ ಕೂತವರ ಅರ್ಧ ಕಥೆ ತಿಳಿಯುತ್ತದೆ. ನೀಲಿ ಪಟ್ಟಿಯ ಹವಾಯಿ ಚಪ್ಪಲಿ, ಹಿಮ್ಮಡಿಯ ಕಡೆ ನೆಲ ಕಾಣುವಷ್ಟು ಸವೆದದ್ದು. ಹೆಬ್ಬೆರಳು ಊರಿ ಊರಿ ಗುಳಿ ಬಿದ್ದದ್ದು. ಎಡದ್ದು ಒಂದು ಬಣ್ಣ, ಬಲದ್ದು ಇನ್ನೊಂದು. ಉಂಗುಷ್ಠ ಕಿತ್ತುಬಂದು ಅಡಿಯಿಂದ ಪಿನ್ನು ಚುಚ್ಚಿ ನಿಲ್ಲಿಸಿದ್ದು. ಆ ಪಿನ್ನಿನ ಮೊನೆ ಸ್ವಲ್ಪವೇ ಮೇಲೆ ಎದ್ದಿರುತ್ತದೆ. ಕಾಲಿಟ್ಟವರಿಗೆ ಅದು ಚುಚ್ಚಬೇಕು. ಚುಚ್ಚಿದರೂ ಗೊತ್ತಾಗುತ್ತಿಲ್ಲ ಎಂದರೆ ಅಲ್ಲಿಂದಲೇ ಕಾಯಿಲೆಯ ಲೆಕ್ಕ ಶುರು.

ಒಳಗೆ ಬಿ.ಪಿ. ನೋಡುತ್ತಾರೆ, ರಕ್ತ ತೆಗೆಯುತ್ತಾರೆ, ಮಾತ್ರೆ ಬರೆಯುತ್ತಾರೆ. ಪಾದ ಮಾತ್ರ ಮೇಜಿನ ಕೆಳಗೇ ಉಳಿದುಬಿಡುತ್ತದೆ. ತೋರಿಸುವವರಿಗೆ ನಾಚಿಕೆ, ಕೇಳುವವರಿಗೆ ಪುರಸೊತ್ತಿಲ್ಲ. ಕೇಳಿದರೂ ಮಂಡ್ಯ ಸೀಮೆಯಲ್ಲಿ ಸಿಗುವ ಉತ್ತರ ಒಂದೇ: ‘ಏನಿಲ್ಲ ಬುಡಿ ಸಾ, ಒಸಿ ಮುಳ್ಳು ತಗುಲದೆ ಅಷ್ಟೆಯ.’

ಎರಡು ಪಾದಗಳಲ್ಲಿ ಸೇರಿ 52 ಮೂಳೆಗಳಿವೆ. ಇಡೀ ದೇಹದ 206 ಮೂಳೆಗಳಲ್ಲಿ ಕಾಲುಭಾಗ ಕಾಲಡಿಯಲ್ಲೇ ಇದೆ. ಒಂದೊಂದು ಪಾದಕ್ಕೂ 33 ಕೀಲುಗಳು, ಅವನ್ನು ಹಿಡಿದಿಡುವ ನೂರಕ್ಕೂ ಹೆಚ್ಚು ಸ್ನಾಯು, ನಾರು, ಕಟ್ಟುಗಳು. ಇಷ್ಟು ಕುಸುರಿಯ ಕೆಲಸವನ್ನು ದೇಹ ಹೆಚ್ಚು ಕಡೆ ಮಾಡಿಲ್ಲ. ಆದರೂ ಮುಖಕ್ಕೆ ಕನ್ನಡಿ, ತಲೆಗೆ ಎಣ್ಣೆ, ಕಾಲಿಗೆ ಬಚ್ಚಲ ಕಲ್ಲಿನ ಮೇಲೆ ಎರಡು ಚೊಂಬು ನೀರು ಎಂಬಲ್ಲಿಗೆ ನಮ್ಮ ಆರೈಕೆ ಮುಗಿಯುತ್ತದೆ.

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ಮಂಡ್ಯ ಎಂಬ ಒಂದೇ ಜಿಲ್ಲೆಯ ಅಕ್ಕಪಕ್ಕದ ತಾಲ್ಲೂಕುಗಳು. ಪಾದದ ಮಟ್ಟಿಗೆ ಮಾತ್ರ ಬೇರೆಬೇರೆ ಲೋಕ. ಕನ್ನಂಬಾಡಿ ಕಟ್ಟೆಯಿಂದ ಹೊರಟ ವಿಶ್ವೇಶ್ವರಯ್ಯ ನಾಲೆ ಹಾಯುವ ಕಡೆ ಭತ್ತ, ಕಬ್ಬು, ವರ್ಷದ ಬಹುಭಾಗ ಕೆಸರು. ಕೆ.ಆರ್.ಪೇಟೆಯಲ್ಲಿ ಹೇಮಾವತಿ ನೀರು ಸಿಕ್ಕ ಊರಿಗೆ ಒಂದು ಬಗೆಯ ಕಾಲು, ಸಿಗದ ಊರಿಗೆ ಇನ್ನೊಂದು ಬಗೆ. ನಾಗಮಂಗಲದ ಕಡೆ ಹೋದಂತೆ ನೆಲ ಒಣಗುತ್ತದೆ. ರಾಗಿ, ಹುರುಳಿ, ತೆಂಗು, ಕಲ್ಲು ಬೋರೆ, ಜಾಲಿ ಮುಳ್ಳು. ನಾಟಿ ಹಾಕುವ ಹೆಂಗಸಿನ ಬೆರಳ ಸಂದಿ ಬೆಳ್ಳಗೆ ಕೊಳೆತಿದ್ದರೆ, ಮೇವಿಗೆ ಅಲೆಯುವ ಕುರಿಗಾಹಿಯ ಹಿಮ್ಮಡಿ ಬಿರಿದು ಬಾಯ್ಬಿಟ್ಟಿರುತ್ತದೆ. ಒಂದಕ್ಕೆ ಬೇಕಾದದ್ದು ಒಣಗಿಸುವ ಆರೈಕೆ, ಇನ್ನೊಂದಕ್ಕೆ ಬೇಕಾದದ್ದು ತೇವ. ಒಬ್ಬರ ಔಷಧಿ ಇನ್ನೊಬ್ಬರಿಗೆ ಆಗಿಬರುವುದಿಲ್ಲ ಎಂಬುದು ಇಲ್ಲಿ ಅಕ್ಷರಶಃ ನಿಜ.

ಕೆಸರು ಹುಣ್ಣನ್ನೇ ತೆಗೆದುಕೊಳ್ಳಿ. ಗದ್ದೆಯ ನೀರಿನಲ್ಲಿ ಗಂಟೆಗಟ್ಟಲೆ ನಿಂತಾಗ ಚರ್ಮದ ಹೊರಪದರ ನೀರು ಹೀರಿ ಮೆತ್ತಗಾಗುತ್ತದೆ. ಒಂದಕ್ಕೊಂದು ಅಂಟಿಕೊಂಡಿರುವ ಕೊನೆಯ ಎರಡು ಬೆರಳುಗಳ ಸಂದಿಗೆ ಗಾಳಿಯೂ ಇಲ್ಲ, ಬೆಳಕೂ ಇಲ್ಲ. ಅಲ್ಲಿ ಶಿಲೀಂಧ್ರ ಮನೆ ಮಾಡುತ್ತದೆ. ನವೆ, ಉರಿ, ಆಮೇಲೆ ಸೀಳು. ಆ ಸೀಳಿನಿಂದ ಬ್ಯಾಕ್ಟೀರಿಯಾ ಒಳಹೊಕ್ಕರೆ ಮಾರನೆಯ ದಿನಕ್ಕೆ ಕಾಲು ಕೆಂಪಾಗಿ ಊದಿ ಜ್ವರ. ಗೋರಂಟಿ ಸೊಪ್ಪು ಅರೆದು ಸಂದಿಗೆ ಮೆತ್ತುವ ರೂಢಿ ಹಳ್ಳಿಗಳಲ್ಲಿ ಇಂದಿಗೂ ಉಂಟು. ಅದು ಒಣಗುವಾಗ ಸಂದಿಯನ್ನೂ ಒಣಗಿಸುತ್ತದೆ, ಅಷ್ಟರಮಟ್ಟಿಗೆ ಸರಿ. ಆದರೆ ಮುಖ್ಯವಾದ ಕೆಲಸ ಅದಕ್ಕೂ ಮೊದಲಿನದು. ಗದ್ದೆಯಿಂದ ಬಂದವರು ಕಾಲು ತೊಳೆದು, ಹಳೆಯ ಹತ್ತಿ ಬಟ್ಟೆಯ ಚೂರಿನಿಂದ ಒಂದೊಂದೇ ಸಂದಿಯನ್ನು ಒರೆಸಬೇಕು. ಎಣ್ಣೆ, ಕ್ರೀಮು ಯಾವುದನ್ನೂ ಸಂದಿಗೆ ತುಂಬಬಾರದು. ಶಿಲೀಂಧ್ರ ನಾಶಕ ಮುಲಾಮು ಹಚ್ಚಿದವರು ನವೆ ನಿಂತ ಕೂಡಲೇ ಬಿಟ್ಟುಬಿಡುತ್ತಾರೆ; ವೈದ್ಯರು ಹೇಳಿದಷ್ಟು ವಾರ ಹಚ್ಚದಿದ್ದರೆ ಮುಂದಿನ ನಾಟಿಯ ತನಕವೂ ಕಾಯದೆ ಅದು ಮರಳುತ್ತದೆ.

ಒಡೆದ ಹಿಮ್ಮಡಿಯ ವಿಷಯ ತದ್ವಿರುದ್ಧ. ಅಂಗಾಲಿನ ಚರ್ಮದಲ್ಲಿ ಎಣ್ಣೆಯ ಗ್ರಂಥಿಗಳಿಲ್ಲ, ಬೆವರಿನ ಗ್ರಂಥಿಗಳು ಮಾತ್ರ. ಬರಿಗಾಲಲ್ಲಿ ಒಣ ನೆಲ ತುಳಿದಷ್ಟೂ ಚರ್ಮ ದಪ್ಪಗಟ್ಟುತ್ತದೆ, ದಪ್ಪಗಟ್ಟಿದ್ದು ಒಣಗುತ್ತದೆ, ಒಣಗಿದ್ದು ಮೈಭಾರಕ್ಕೆ ಸೀಳುತ್ತದೆ. ಕೆಲವರು ಸೀಳಿಗೆ ಬ್ಲೇಡು ಹಾಕಿ ಕೆರೆದುಕೊಳ್ಳುತ್ತಾರೆ, ಆಣಿಯನ್ನೂ ಹಾಗೆಯೇ ಕೀಳುತ್ತಾರೆ. ಗೇರೆಣ್ಣೆ ಸುಟ್ಟು ತುಂಬುವ ಧೈರ್ಯಶಾಲಿಗಳೂ ಇದ್ದಾರೆ. ಧೈರ್ಯಕ್ಕೇನೂ ಕಡಿಮೆಯಿಲ್ಲ, ಆದರೆ ಚರ್ಮ ಸುಟ್ಟುಕೊಂಡು ಹುಣ್ಣಾದ ಮೇಲೆ ಹಾಸಿಗೆ ಹಿಡಿಯುವವರೂ ಅವರೇ. ರಾತ್ರಿ ಉಗುರುಬೆಚ್ಚಗಿನ ನೀರಿನಲ್ಲಿ ಹತ್ತು ನಿಮಿಷ ಕಾಲಿಟ್ಟು, ಉಜ್ಜುಗಲ್ಲಿನಿಂದ ಹಗುರಾಗಿ ಉಜ್ಜಿ, ತೇವ ಆರುವ ಮೊದಲೇ ವ್ಯಾಸಲೀನನ್ನೋ ಕೊಬ್ಬರಿ ಎಣ್ಣೆಯನ್ನೋ ಹಚ್ಚಿ ಹತ್ತಿಯ ಕಾಲುಚೀಲ ಹಾಕಿ ಮಲಗಿದರೆ ಹೆಚ್ಚಿನ ಹಿಮ್ಮಡಿಗಳು ಎರಡು ಮೂರು ವಾರದಲ್ಲಿ ದಾರಿಗೆ ಬರುತ್ತವೆ. ಸಕ್ಕರೆ ಕಾಯಿಲೆ ಇರುವವರು ಮಾತ್ರ ಕಾಲು ನೆನೆಹಾಕುವ ಗೋಜಿಗೇ ಹೋಗಬಾರದು. ಏಕೆಂದರೆ ನೀರು ಎಷ್ಟು ಬಿಸಿ ಎಂದು ಅವರ ಪಾದ ಹೇಳದೆ ಇರಬಹುದು.

ಸಕ್ಕರೆಯ ನಾಡಿನಲ್ಲಿ ಈಗ ಸಕ್ಕರೆ ಕಾಯಿಲೆಯೇ ದೊಡ್ಡ ಮಾತು. ಕಬ್ಬಿನ ಗದ್ದೆಗೂ ಸಕ್ಕರೆ ಕಾಯಿಲೆಗೂ ನೇರ ನಂಟೇನೂ ಇಲ್ಲ, ಹೆಸರಿನ ಆಕಸ್ಮಿಕ ಅಷ್ಟೇ. ಆದರೆ ಇದು ಪೇಟೆಯವರ ರೋಗ ಎಂದು ಹಳ್ಳಿ ನಿಶ್ಚಿಂತೆಯಿಂದಿದ್ದ ಕಾಲ ಮುಗಿದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಮಂದಿಗೆ ಮಧುಮೇಹವಿದೆ. ಪಟ್ಟಣಗಳ ವಯಸ್ಕರಲ್ಲಿ ಶೇ. 16.4, ಹಳ್ಳಿಗಳಲ್ಲಿ ಶೇ. 8.9. ಇನ್ನೂ 13.6 ಕೋಟಿ ಮಂದಿ ಹೊಸ್ತಿಲ ಮೇಲಿದ್ದಾರೆ. ಮಧುಮೇಹಿಗಳಲ್ಲಿ ಶೇ. 19ರಿಂದ 34ರಷ್ಟು ಮಂದಿಗೆ ಜೀವಮಾನದಲ್ಲಿ ಒಮ್ಮೆಯಾದರೂ ಪಾದದಲ್ಲಿ ಹುಣ್ಣಾಗುವ ಸಂಭವವಿದೆ ಎಂಬುದು ತಜ್ಞರ ಅಂದಾಜು. ಕಾಲು ಕತ್ತರಿಸಬೇಕಾಗಿ ಬರುವ ಮಧುಮೇಹಿಗಳಲ್ಲಿ ನೂರಕ್ಕೆ ಸುಮಾರು 85 ಮಂದಿಯ ಕಥೆ ಒಂದು ಸಣ್ಣ ಹುಣ್ಣಿನಿಂದ ಶುರುವಾಗಿರುತ್ತದೆ.

ಅದು ನಡೆಯುವ ಬಗೆ ಹೀಗೆ. ವರ್ಷಗಟ್ಟಲೆ ರಕ್ತದಲ್ಲಿ ಏರಿದ ಸಕ್ಕರೆ ನರಗಳ ತುದಿಯನ್ನು ಹಾಳುಮಾಡುತ್ತದೆ. ಎಲ್ಲಕ್ಕಿಂತ ಉದ್ದದ ನರಗಳು ಕಾಲ್ಬೆರಳಿಗೆ ಹೋಗುವಂಥವು, ಆದ್ದರಿಂದ ಕೇಡು ಅಲ್ಲಿಂದಲೇ ಆರಂಭ. ಮೊದಮೊದಲು ಜುಮ್ಮೆನ್ನುವುದು, ರಾತ್ರಿ ಅಂಗಾಲು ಉರಿಯುವುದು, ಹತ್ತಿಯ ಮೇಲೆ ನಡೆದ ಅನುಭವ. ಆಮೇಲೆ ಏನೂ ಇಲ್ಲ. ರೋಗಿಗೆ ಅದು ವಾಸಿಯಾದಂತೆ ಕಾಣುತ್ತದೆ. ‘ಈಗ ಉರಿ ಕಮ್ಮಿ ಆಗದೆ’ ಎಂದು ನೆಮ್ಮದಿಯಿಂದ ಹೇಳುವ ಹೊತ್ತಿಗೆ ಪಾದ ಮರಗಟ್ಟಿರುತ್ತದೆ. ಜೊತೆಗೆ ಬೆವರು ನಿಂತು ಚರ್ಮ ಒಣಗಿ ಬಿರಿಯುತ್ತದೆ, ಕಾಲಿನ ರಕ್ತನಾಳಗಳು ಕಿರಿದಾಗುತ್ತವೆ. ಬೀಡಿ ಸೇದುವವರಾದರೆ ಅವು ಇನ್ನಷ್ಟು ಬೇಗ ಮುಚ್ಚುತ್ತವೆ. ಶುಗರ್ ಮತ್ತು ಬೀಡಿ ಒಟ್ಟಿಗಿರುವ ಕಾಲಿನಷ್ಟು ಅಪಾಯದಲ್ಲಿರುವ ಕಾಲು ಇನ್ನೊಂದಿಲ್ಲ.

ನೋವು ಇಲ್ಲದಿರುವುದೇ ಇಲ್ಲಿ ಕಾಯಿಲೆ. ಈ ಸಂಗತಿಯನ್ನು ಜಗತ್ತಿಗೆ ಬಿಡಿಸಿ ತೋರಿಸಿದವರು ನಮ್ಮ ನೆರೆಯ ವೆಲ್ಲೂರಿನಲ್ಲಿದ್ದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್. 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿದ ಇವರು ವೆಲ್ಲೂರಿನ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಕುಷ್ಠರೋಗಿಗಳ ಕೈಕಾಲುಗಳ ಮೇಲೆ ಕೆಲಸ ಮಾಡಿದರು. ಕುಷ್ಠವೇ ಬೆರಳುಗಳನ್ನು ತಿಂದುಹಾಕುತ್ತದೆ ಎಂದು ಜನ ನಂಬಿದ್ದರು. ಹಾಗಲ್ಲ, ನೋವು ತಿಳಿಯದ ಪಾದವನ್ನು ರೋಗಿಯೇ ದಿನವೂ ಗೊತ್ತಿಲ್ಲದೆ ಗಾಯಗೊಳಿಸುತ್ತಾನೆ ಎಂದು ಬ್ರ್ಯಾಂಡ್ ತೋರಿಸಿದರು. ಮೈಕ್ರೋಸೆಲ್ಯುಲಾರ್ ರಬ್ಬರಿನ ಮೆತ್ತನೆಯ ಅಟ್ಟೆಯ ಚಪ್ಪಲಿಗಳು ಬಳಕೆಗೆ ಬಂದದ್ದು ಆ ಕೆಲಸದಿಂದಲೇ. ಮುಂದೆ ಅವರು ಅಮೆರಿಕಕ್ಕೆ ಹೋದಾಗ ಅದೇ ಪಾಠ ಮಧುಮೇಹಿಗಳ ಪಾದಕ್ಕೂ ಹೊಂದಿತು. ಇವತ್ತು ಮಧುಮೇಹದ ವೈದ್ಯರು ಬರೆದುಕೊಡುವ ‘ಎಂ.ಸಿ.ಆರ್. ಚಪ್ಪಲಿ’ಯ ಮೂಲ ಅದು.

ಪಾದ ಮರಗಟ್ಟಿದೆಯೇ ಎಂದು ತಿಳಿಯಲು ಯಂತ್ರವೇನೂ ಬೇಡ. ಇಂಗ್ಲೆಂಡಿನ ಇಪ್ಸ್‌ವಿಚ್ ಆಸ್ಪತ್ರೆಯ ವೈದ್ಯರು ರೂಪಿಸಿದ ಒಂದು ಪರೀಕ್ಷೆಯನ್ನು ಮನೆಯ ಜಗಲಿಯಲ್ಲೇ ಮಾಡಬಹುದು. ಅಜ್ಜ ಕಣ್ಣು ಮುಚ್ಚಿ ಕಾಲು ಚಾಚಿ ಕೂರಬೇಕು. ಮೊಮ್ಮಗಳು ತೋರುಬೆರಳಿನಿಂದ ಅಜ್ಜನ ಬಲಗಾಲಿನ ಹೆಬ್ಬೆರಳ ತುದಿಯನ್ನು ಒಂದೆರಡು ಸೆಕೆಂಡು ಸುಮ್ಮನೆ ಮುಟ್ಟಬೇಕು. ಒತ್ತಬಾರದು, ಕಚಗುಳಿ ಇಡಬಾರದು. ತಿಳಿದರೆ ಅಜ್ಜ ‘ಬಲ’ ಅಥವಾ ‘ಎಡ’ ಎನ್ನಬೇಕು. ಹೀಗೆ ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳು, ಒಟ್ಟು ಆರು ಕಡೆ. ಎರಡು ಅಥವಾ ಹೆಚ್ಚು ಕಡೆ ತಿಳಿಯಲಿಲ್ಲ ಎಂದಾದರೆ ಆ ಪಾದವನ್ನು ಬೇಗ ವೈದ್ಯರಿಗೆ ತೋರಿಸಬೇಕು. ಚಹಾ ಕಾಯುವಷ್ಟು ಹೊತ್ತಿನ ಕೆಲಸ.

ಇನ್ನು ದಿನವೂ ಮಾಡಬೇಕಾದದ್ದು ಅಂಗಾಲು ನೋಡುವುದು. ಬಗ್ಗಲಾಗದ ವಯಸ್ಸಾದವರು ನೆಲದ ಮೇಲೆ ಕನ್ನಡಿ ಇಟ್ಟು ನೋಡಿಕೊಳ್ಳಬಹುದು, ಇಲ್ಲವೇ ಮನೆಯಲ್ಲಿ ಯಾರಾದರೂ ನೋಡಬೇಕು. ದೇವರ ಮುಂದೆ ದೀಪ ಹಚ್ಚುವ ಹೊತ್ತು, ಟಿ.ವಿ. ಧಾರಾವಾಹಿಯ ಜಾಹೀರಾತಿನ ಹೊತ್ತು, ಯಾವುದಾದರೂ ಆದೀತು. ಹೊಸ ಕೆಂಪು, ಬೊಬ್ಬೆ, ನೀರೊಸರುವ ಸೀಳು, ಆಣಿಯ ನಡುವೆ ಕಪ್ಪು ಚುಕ್ಕೆ, ಒಂದು ಕಾಲು ಇನ್ನೊಂದಕ್ಕಿಂತ ಬಿಸಿ, ಇವು ಕಂಡರೆ ‘ನಾಳೆ ನೋಡೋಣ’ ಎನ್ನುವಂತಿಲ್ಲ. ಚಪ್ಪಲಿಯೊಳಗೆ ಕೈ ಹಾಕಿ ತಡವಿ ಆಮೇಲೆ ಮೆಟ್ಟುವುದೂ ಇದರ ಭಾಗ. ಮೊದಲೇ ಹೇಳಿದ ಆ ಪಿನ್ನು ಇರುವುದು ಅಲ್ಲಿಯೇ.

ನಮ್ಮ ಸೀಮೆಯಲ್ಲಿ ಬರಿಗಾಲಿಗೆ ಭಕ್ತಿಯ ಬಲವೂ ಇದೆ. ಫಾಲ್ಗುಣದಲ್ಲಿ ಮೇಲುಕೋಟೆಯ ವೈರಮುಡಿ ಉತ್ಸವದ ರಾತ್ರಿ ಬರಿಗಾಲ ಜನ ಕಿಕ್ಕಿರಿದಿರುತ್ತಾರೆ. ಶ್ರೀರಂಗಪಟ್ಟಣದ ರಂಗನಾಥನ ಗುಡಿಯ ಅಂಗಳದ ಕಲ್ಲುಹಾಸು ಬೇಸಿಗೆಯ ಮಧ್ಯಾಹ್ನ ಸುಡುತ್ತದೆ. ಮಂಡ್ಯ ಸೀಮೆಯ ಊರಹಬ್ಬಗಳಲ್ಲಿ ಕೊಂಡ ಹಾಯುವ ಹರಕೆ ಇಂದಿಗೂ ಜೋರು. ಕೊಂಡದ ಕೆಂಡ ಹಾಯುವವರಿಗೆ ಸಾಮಾನ್ಯವಾಗಿ ಸುಡದೆ ಇರುವುದಕ್ಕೆ ಭೌತಶಾಸ್ತ್ರದ ಕಾರಣವೂ ಇದೆ. ಬೂದಿ ಮುಚ್ಚಿದ ಇದ್ದಿಲು ಶಾಖವನ್ನು ನಿಧಾನವಾಗಿ ದಾಟಿಸುತ್ತದೆ, ಹೆಜ್ಜೆ ಊರುವುದು ಅರೆಗಳಿಗೆ ಮಾತ್ರ. ಸುಟ್ಟರೆ ಪಾದವೇ ಚುರುಕಾಗಿ ಎತ್ತಿಕೊಳ್ಳುತ್ತದೆ. ಮರಗಟ್ಟಿದ ಪಾದ ಎತ್ತಿಕೊಳ್ಳುವುದಿಲ್ಲ. ಹದಿನೈದು ವರ್ಷದಿಂದ ಶುಗರ್ ಇರುವವರು ಈ ಹರಕೆಯನ್ನು ಮಗನಿಗೆ ವಹಿಸುವುದು ಒಳ್ಳೆಯದು. ಬಿಸಿಲಿನ ಗುಡಿ ಪ್ರದಕ್ಷಿಣೆಗೆ ಹತ್ತಿಯ ಕಾಲುಚೀಲ ಹಾಕಿಕೊಂಡು ಹೋದರೆ ಯಾವ ರಂಗನಾಥನೂ ಮುನಿಯಲಾರ.

ಹಾಗೆಂದು ಬರಿಗಾಲು ಕೆಟ್ಟದ್ದು ಎಂದು ತೀರ್ಪು ಕೊಡಲು ಬರುವುದಿಲ್ಲ, ಮಕ್ಕಳ ವಿಷಯದಲ್ಲಂತೂ ಕರ್ನಾಟಕದ್ದೇ ಸಾಕ್ಷ್ಯ ಇದಕ್ಕೆ ವಿರುದ್ಧವಾಗಿದೆ. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಮೂಳೆತಜ್ಞರಾದ ಉದಯ ಭಾಸ್ಕರ ರಾವ್ ಮತ್ತು ಬೆಂಜಮಿನ್ ಜೋಸೆಫ್ 4ರಿಂದ 13 ವರ್ಷದ 2,300 ಮಕ್ಕಳ ಹೆಜ್ಜೆಗುರುತು ತೆಗೆದು 1992ರಲ್ಲಿ ಫಲಿತಾಂಶ ಪ್ರಕಟಿಸಿದರು. ಪಾದರಕ್ಷೆ ಹಾಕುವ ಮಕ್ಕಳಲ್ಲಿ ಶೇ. 8.6 ಮಂದಿಗೆ ಚಪ್ಪಟೆ ಪಾದ. ಬರಿಗಾಲ ಮಕ್ಕಳಲ್ಲಿ ಶೇ. 2.8 ಮಾತ್ರ. ಬೆರಳು ಮುಚ್ಚುವ ಬೂಟು ಹಾಕುವವರಲ್ಲಿ ಇದು ಹೆಚ್ಚು, ಚಪ್ಪಲಿಯವರಲ್ಲಿ ಕಡಿಮೆ, ಬರಿಗಾಲವರಲ್ಲಿ ಎಲ್ಲಕ್ಕಿಂತ ಕಡಿಮೆ. ಪಾದದ ಒಳಬಾಗು ರೂಪುಗೊಳ್ಳುವ ಎಳವೆಯಲ್ಲಿ ಬೂಟು ಅಡ್ಡಿಯಾಗುತ್ತದೆ ಎಂಬುದು ಅವರ ತೀರ್ಮಾನ. ಜಗತ್ತಿನ ಪಾದತಜ್ಞರು ಇವತ್ತಿಗೂ ಉದ್ಧರಿಸುವ ಸಂಶೋಧನೆ ಇದು. ಎಲ್.ಕೆ.ಜಿ. ಮಗುವಿಗೆ ಬೆಳಿಗ್ಗೆಯಿಂದ ಸಂಜೆವರೆಗೆ ಕಪ್ಪು ಬೂಟು ಕಡ್ಡಾಯ ಮಾಡುವ ನಮ್ಮ ಕಾನ್ವೆಂಟುಗಳಿಗೆ ಅದು ತಲುಪಿದಂತೆ ಕಾಣೆ. ಮನೆಗೆ ಬಂದ ಮಗು ಅಂಗಳದಲ್ಲಿ ಬರಿಗಾಲಲ್ಲಿ ಆಡಲಿ. ಆದರೆ ಬಯಲಿಗೆ ಹೋಗುವ ರೂಢಿ ಇನ್ನೂ ಉಳಿದಿರುವ ಕಡೆ, ಹಸಿ ಮಣ್ಣಿನಲ್ಲಿ ಚಪ್ಪಲಿ ಬೇಕೇ ಬೇಕು. ಕೊಕ್ಕೆಹುಳುವಿನ ಮರಿಗಳು ಒಳಹೊಗುವುದು ಅಂಗಾಲಿನ ಚರ್ಮದಿಂದಲೇ. ಕರುಳಿಗೆ ಸೇರಿ ರಕ್ತ ಹೀರುವ ಈ ಹುಳು ಮಕ್ಕಳನ್ನೂ ಬಸುರಿಯರನ್ನೂ ಬಿಳಿಚಿಸುತ್ತದೆ.

ಗದ್ದೆಯ ಕೆಲಸದಲ್ಲಿ ಬರಿಗಾಲಿಗೆ ಇನ್ನೂ ಎರಡು ಶತ್ರುಗಳುಂಟು. ಕಬ್ಬು ಕಡಿದ ಮೇಲೆ ಉಳಿಯುವ ಬುಡ ಓರೆಯಾಗಿ ಕತ್ತರಿಸಿದ ಈಟಿಯ ಮೊನೆ. ತರಗು ಮುಚ್ಚಿಕೊಂಡಿರುವುದರಿಂದ ಕಣ್ಣಿಗೆ ಕಾಣದು. ಕೂಳೆ ಚುಚ್ಚಿದ ಗಾಯ ಹೊರಗೆ ಸಣ್ಣದು, ಒಳಗೆ ಆಳ, ಜೊತೆಗೆ ಮಣ್ಣು. ಧನುರ್ವಾಯು ಚುಚ್ಚುಮದ್ದು ತಪ್ಪಿಸಬಾರದ ಗಾಯವೆಂದರೆ ಇದೇ. ಇನ್ನೊಂದು ಹಾವು. ಪಂಪ್‌ಸೆಟ್ಟಿಗೆ ಕರೆಂಟು ಬರುವುದು ಎಷ್ಟೋ ಕಡೆ ರಾತ್ರಿ. ಮೋಟಾರು ಹಾಕಲು ಬದುವಿನ ಮೇಲೆ ಕತ್ತಲಲ್ಲಿ ನಡೆಯುವಾಗ ಕೊಳಕುಮಂಡಲವೋ ನಾಗರವೋ ಕಚ್ಚುವುದು ಹೆಚ್ಚಾಗಿ ಪಾದಕ್ಕೆ, ಹರಡಿಗೆ. 2000ದಿಂದ 2019ರವರೆಗೆ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಡಿದು ಸತ್ತಿದ್ದಾರೆ ಎಂದು 2020ರ ಒಂದು ಅಧ್ಯಯನ ಅಂದಾಜಿಸಿತು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಎಂದು ಘೋಷಿಸಿದೆ. ಇದಕ್ಕೆ ತಡೆ ಎಂದರೆ ಮೊಣಕಾಲ ಕೆಳಗಿನವರೆಗೆ ಬರುವ ಗಂಬೂಟು, ಕೈಯಲ್ಲಿ ಟಾರ್ಚು. ಸೆಕೆ, ಭಾರ, ಕೆಸರಲ್ಲಿ ಹೂತುಹೋಗುತ್ತದೆ ಎಂದು ರೈತರು ಗಂಬೂಟಿಗೆ ಹೇಳುವ ತಕರಾರು ಸುಳ್ಳಲ್ಲ. ಕೆಸರುಗದ್ದೆಗೆ ಬೇಡ, ರಾತ್ರಿ ಬದುವಿಗೆ ಸಾಕು.

ಇಷ್ಟೆಲ್ಲ ದುಡಿದ ಕಾಲುಗಳಿಗೆ ವ್ಯಾಯಾಮದ ಮಾತು ಯಾಕೆ ಎಂದು ಹಳ್ಳಿಯಲ್ಲಿ ಕೇಳುವುದುಂಟು. ‘ಗೆಯ್ಮೆ ಮಾಡೋರಿಗೆ ಯಾವ ವಾಕಿಂಗು?’ ಇಪ್ಪತ್ತು ವರ್ಷದ ಹಿಂದೆ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಈಗ ಉಳುಮೆಗೆ ಟ್ರ್ಯಾಕ್ಟರು, ಒಕ್ಕಣೆಗೆ ಯಂತ್ರ, ಡೈರಿಗೆ ಹಾಲು ಹಾಕಲು ಬೈಕು, ಎದುರುಮನೆಯ ಅಂಗಡಿಗೂ ಬೈಕು. ಗೆಯ್ಮೆ ಇರುವ ದಿನ ಬೆನ್ನು ಮುರಿಯುವಷ್ಟು, ಇಲ್ಲದ ದಿನ ಅರಳಿಕಟ್ಟೆಯಲ್ಲಿ ಮೊಬೈಲು. 2024ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯಲ್ಲಿ ಬಂದ ವರದಿಯ ಪ್ರಕಾರ, ದೇಹಕ್ಕೆ ಬೇಕಾದಷ್ಟು ಚಲನೆ ಇಲ್ಲದ ಭಾರತೀಯ ವಯಸ್ಕರು 2000ದಲ್ಲಿ ನೂರಕ್ಕೆ 22 ಇದ್ದವರು 2022ಕ್ಕೆ 49 ಆದರು. ಗಂಡಸರಲ್ಲಿ 42, ಹೆಂಗಸರಲ್ಲಿ 57. ದಿನವಿಡೀ ಅಡುಗೆಮನೆಯಲ್ಲಿ ನಿಂತೇ ಇರುವ ಹೆಂಗಸರು ಈ ಲೆಕ್ಕದಲ್ಲಿ ಹೆಚ್ಚಿರುವುದು ಅನ್ಯಾಯವೆನಿಸಬಹುದು. ಆದರೆ ನಿಲ್ಲುವುದು ಬೇರೆ, ನಡೆಯುವುದು ಬೇರೆ.

ಚಲನೆಯ ಲಾಭವನ್ನು ಮೊದಲು ತೋರಿಸಿದ್ದು ಬಸ್ಸಿನ ಕಂಡಕ್ಟರುಗಳು. ಲಂಡನ್ನಿನ ಎರಡು ಅಂತಸ್ತಿನ ಬಸ್ಸುಗಳಲ್ಲಿ ಡ್ರೈವರ್ ಕೂತೇ ಇರುತ್ತಿದ್ದ, ಕಂಡಕ್ಟರ್ ದಿನವಿಡೀ ಮೆಟ್ಟಿಲು ಹತ್ತಿ ಇಳಿಯುತ್ತಿದ್ದ. ಸಂಬಳ ಹೆಚ್ಚುಕಡಿಮೆ ಒಂದೇ, ಊರೂ ಒಂದೇ. ಕಂಡಕ್ಟರುಗಳಲ್ಲಿ ಹೃದಯಾಘಾತ ಗಮನಾರ್ಹವಾಗಿ ಕಡಿಮೆ ಎಂದು ಜೆರ್ರಿ ಮಾರಿಸ್ ಎಂಬ ವೈದ್ಯ 1953ರಲ್ಲಿ ಪ್ರಕಟಿಸಿದ. ವ್ಯಾಯಾಮ ಕುರಿತ ಆಧುನಿಕ ವಿಜ್ಞಾನಕ್ಕೆ ಅದೇ ಅಡಿಗಲ್ಲು. ದಿನಕ್ಕೆ ಹತ್ತು ಸಾವಿರ ಹೆಜ್ಜೆ ಎಂಬ ಮಾತಿಗೆ ಅಂಥ ವಂಶಾವಳಿ ಇಲ್ಲ. ಅದು 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಉಪಕರಣ ಮಾರಲು ಇಟ್ಟ ಹೆಸರು. ಅಮೆರಿಕದ ವಯಸ್ಸಾದ ಮಹಿಳೆಯರ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ 4,400 ಹೆಜ್ಜೆ ನಡೆಯುವವರೂ 2,700 ನಡೆಯುವವರಿಗಿಂತ ಹೆಚ್ಚು ಬದುಕಿದರು. 7,500 ಹೆಜ್ಜೆಯ ಹತ್ತಿರಕ್ಕೆ ಲಾಭ ಸಮತಟ್ಟಾಯಿತು. ವಿಶ್ವ ಆರೋಗ್ಯ ಸಂಸ್ಥೆ ಕೇಳುವುದು ವಾರಕ್ಕೆ 150 ನಿಮಿಷ, ಮಾತಾಡಲು ಆಗಬೇಕು, ಹಾಡಲು ಆಗಬಾರದು ಎನ್ನುವಷ್ಟು ವೇಗದ ನಡಿಗೆ. ಐದು ದಿನ ಅರ್ಧರ್ಧ ಗಂಟೆ.

ಎಲ್ಲಿ ನಡೆಯುವುದು ಎಂಬುದು ಹಳ್ಳಿಯಲ್ಲಿ ಸಣ್ಣ ಪ್ರಶ್ನೆಯಲ್ಲ. ನಾಲೆ ಏರಿ ತಂಪಾಗಿರುತ್ತದೆ, ಸಮತಟ್ಟು, ಬೆಳಗಿನ ಜಾವ ಗಾಳಿ ಹಿತ. ಆದರೆ 2018ರ ನವೆಂಬರಿನಲ್ಲಿ ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಮಂದಿ ಸತ್ತ ಮೇಲೆ ಆ ಏರಿಗಳ ಇಕ್ಕಟ್ಟು ಎಲ್ಲರಿಗೂ ಗೊತ್ತು. ವಾಹನ ಓಡಾಡುವ ಏರಿಯಲ್ಲಿ ಎದುರಿನಿಂದ ಬರುವ ಗಾಡಿ ಕಾಣುವ ಬದಿಯಲ್ಲೇ ನಡೆಯಬೇಕು, ನಸುಕಿನಲ್ಲಿ ಬಿಳಿ ಬಟ್ಟೆ ಇರಬೇಕು. ಶ್ರೀರಂಗಪಟ್ಟಣದವರಿಗೆ ಕೋಟೆಯೊಳಗಿನ ಹಾದಿಗಳಿವೆ, ಪಾಂಡವಪುರದವರಿಗೆ ಕುಂತಿಬೆಟ್ಟದ ಬುಡ, ತೊಣ್ಣೂರು ಕೆರೆಯ ಏರಿ. ಶಾಲೆಯ ಆಟದ ಮೈದಾನ ಎಲ್ಲ ಊರಲ್ಲೂ ಇದೆ, ಅದರ ಗೇಟಿನ ಬೀಗ ತೆಗೆಸುವುದಷ್ಟೇ ಪಂಚಾಯಿತಿಯ ಕೆಲಸ.

ನಡಿಗೆ ಶುರು ಮಾಡಿದ ಉತ್ಸಾಹಿಗಳನ್ನು ಮೂರನೇ ವಾರಕ್ಕೆ ಮನೆಯಲ್ಲಿ ಕೂರಿಸುವುದು ಹಿಮ್ಮಡಿ ನೋವು. ಬೆಳಿಗ್ಗೆ ಹಾಸಿಗೆಯಿಂದ ಇಳಿದು ಊರುವ ಮೊದಲ ಹೆಜ್ಜೆಗೇ ಮೊಳೆ ಹೊಡೆದ ಹಾಗೆ, ನಾಲ್ಕು ಹೆಜ್ಜೆ ಹಾಕಿದ ಮೇಲೆ ಸಡಿಲ. ಹಿಮ್ಮಡಿಯಿಂದ ಬೆರಳ ಬುಡದವರೆಗೆ ಹಬ್ಬಿದ ದಪ್ಪ ನಾರುಪಟ್ಟಿಗೆ ಪೆಟ್ಟಾಗಿರುವ ಗುರುತು ಅದು. ಸಾರಿಸಿದ ಮಣ್ಣಿನ ನೆಲ ಹೋಗಿ ಟೈಲ್ಸ್ ಬಂದ ಮೇಲೆ, ಮೈತೂಕವೂ ಏರಿದ ಮೇಲೆ, ಹೆಂಗಸರಲ್ಲಿ ಈ ದೂರು ಸಾಮಾನ್ಯ. ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕುವುದು ಹಲವರಿಗೆ ಮಡಿಯ ತೊಡಕು. ಮನೆಗೇ ಬೇರೆ ಜೋಡಿ ಇಟ್ಟುಕೊಂಡರೆ ತಕರಾರಿಲ್ಲ. ಗೋಡೆಗೆ ಕೈಕೊಟ್ಟು ಒಂದು ಕಾಲು ಹಿಂದಿಟ್ಟು ಮೀನಖಂಡ ಎಳೆಯುವಂತೆ ಅರ್ಧ ನಿಮಿಷ ನಿಲ್ಲುವುದು, ಏಳುವ ಮೊದಲೇ ಹಾಸಿಗೆಯಲ್ಲಿ ಟವೆಲಿನಿಂದ ಪಾದವನ್ನು ಮೈಕಡೆಗೆ ಎಳೆದುಕೊಳ್ಳುವುದು, ಇವೆರಡನ್ನು ದಿನವೂ ಮಾಡಿದವರಲ್ಲಿ ಹೆಚ್ಚಿನವರಿಗೆ ಕೆಲವು ತಿಂಗಳಲ್ಲಿ ವಾಸಿಯಾಗುತ್ತದೆ. ಎಕ್ಸ್‌ರೇಯಲ್ಲಿ ಕಾಣುವ ಮೂಳೆಯ ಮೊನೆಗೆ ಹೆದರಬೇಕಿಲ್ಲ, ನೋವಿಲ್ಲದ ಎಷ್ಟೋ ಜನರ ಹಿಮ್ಮಡಿಯಲ್ಲೂ ಅದು ಇರುತ್ತದೆ.

ವಯಸ್ಸಾದಂತೆ ಕಾಲಿಗೆ ಬಲದಷ್ಟೇ ಬೇಕಾದದ್ದು ಸಮತೋಲ. ಬ್ರೆಜಿಲ್‌ನಲ್ಲಿ 51ರಿಂದ 75 ವರ್ಷದ 1,702 ಮಂದಿಯನ್ನು ಹತ್ತು ಸೆಕೆಂಡು ಒಂಟಿಕಾಲಲ್ಲಿ ನಿಲ್ಲಿಸಿ ನೋಡಿದರು. ಸುಮಾರು ಐದರಲ್ಲಿ ಒಬ್ಬರಿಗೆ ಆಗಲಿಲ್ಲ. ಮುಂದಿನ ವರ್ಷಗಳಲ್ಲಿ ಸಾವು ಆ ಗುಂಪಿನಲ್ಲೇ ಹೆಚ್ಚಿತ್ತು ಎಂದು 2022ರ ವರದಿ ಹೇಳಿತು. ಮಂಡ್ಯದ ಪೂಜಾ ಕುಣಿತದವರಿಗೆ ಇದು ನಗು ತರಿಸಬಹುದು. ಅಲಂಕರಿಸಿದ ‘ಪೂಜೆ’ಯ ಚೌಕಟ್ಟನ್ನು ತಲೆಯ ಮೇಲೆ ಕೈಬಿಟ್ಟು ನಿಲ್ಲಿಸಿ, ತಮಟೆಯ ಗತ್ತಿಗೆ ಬರಿಗಾಲಲ್ಲಿ ಕುಣಿಯುವ ಅವರು ಹತ್ತು ಸೆಕೆಂಡಲ್ಲ, ಹೊತ್ತು ಮುಳುಗುವವರೆಗೂ ಆ ಪರೀಕ್ಷೆ ಪಾಸು ಮಾಡುತ್ತಿರುತ್ತಾರೆ. ಕೋಲಾಟ, ರಂಗದ ಕುಣಿತಗಳೂ ಹಾಗೆಯೇ. ಹಬ್ಬಕ್ಕೆ ಒಂದು ತಿಂಗಳು ಮೊದಲು ಊರ ರಂಗದಲ್ಲಿ ರಾತ್ರಿ ಅಭ್ಯಾಸ ನಡೆಸುತ್ತಿದ್ದ ಕಡೆ ಜಿಮ್ಮಿನ ಕೊರತೆ ಯಾರಿಗೂ ತಿಳಿದಿರಲಾರದು. ಕುಣಿಯಲು ಬಾರದವರು ಹಲ್ಲುಜ್ಜುವಾಗ ಬಚ್ಚಲ ಗೋಡೆ ಹಿಡಿದು ಒಂದು ಕಾಲು ಎತ್ತಿ ನಿಂತರೂ ಆಯಿತು.

ಊಟದ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ, ಪಾದದ ಮೂಳೆಗಳಿಗೆ ಅದು ವರ. ಆದರೆ ಶುಗರಿಗೆ ಮುದ್ದೆ ಒಳ್ಳೆಯದು ಎಂದು ಎರಡೆರಡು ಇಳಿಸುವವರು ರಾಗಿಯಲ್ಲೂ ಪಿಷ್ಟವೇ ಇದೆ ಎಂಬುದನ್ನು ಮರೆಯುತ್ತಾರೆ. ಮುದ್ದೆ ಚಿಕ್ಕದು, ಬಸ್ಸಾರಿನ ಸೊಪ್ಪು ಕಾಳು ಹೆಚ್ಚು.

ಚಪ್ಪಲಿ ಕೊಳ್ಳಲು ಸಂಜೆಯೇ ಸರಿಯಾದ ಹೊತ್ತು, ಹಗಲು ದುಡಿದ ಪಾದ ಆಗ ಸ್ವಲ್ಪ ಊದಿರುತ್ತದೆ. ಕೆ.ಆರ್.ಪೇಟೆಗೋ ನಾಗಮಂಗಲಕ್ಕೋ ಸಂತೆಗೆ ಹೋಗುವವರು, ಮನೆಯಲ್ಲಿ ಕೂತವರ ಪಾದವನ್ನು ಹಳೆಯ ಪೇಪರಿನ ಮೇಲೆ ನಿಲ್ಲಿಸಿ ಪೆನ್ನಿನಿಂದ ಸುತ್ತ ಗೆರೆ ಎಳೆದು ಕತ್ತರಿಸಿ ಜೇಬಲ್ಲಿಟ್ಟುಕೊಂಡು ಹೋಗಬಹುದು. ಚಪ್ಪಲಿಯ ಅಟ್ಟೆಯ ಮೇಲೆ ಆ ಕಾಗದ ಮಡಿಚಿಕೊಳ್ಳದೆ ಕೂರಬೇಕು. ಮರಗಟ್ಟಿದ ಪಾದದವರಿಗೆ ಉಂಗುಷ್ಠದ ಚಪ್ಪಲಿ ಬೇಡ. ಅದು ಜಾರಿ ಬಿದ್ದುಹೋದರೂ ಅವರಿಗೆ ತಿಳಿಯುವುದಿಲ್ಲ, ಬೆರಳ ಸಂದಿಯನ್ನೂ ಉಜ್ಜುತ್ತದೆ. ಹಿಂದೆ ಪಟ್ಟಿ ಇರುವ, ಮುಂದೆ ಅಗಲವಾದ, ಒಳಗೆ ಮೆತ್ತಗೆ ಹೊರಗೆ ಗಟ್ಟಿಯಾದ ಅಟ್ಟೆಯದ್ದು ಬೇಕು.

ಚಿಕಿತ್ಸೆ ದೂರವೇನೂ ಇಲ್ಲ. ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ಆಸ್ಪತ್ರೆಗಳಿವೆ. ಅಸಾಂಕ್ರಾಮಿಕ ರೋಗಗಳ ರಾಷ್ಟ್ರೀಯ ಕಾರ್ಯಕ್ರಮದಡಿ 30 ವರ್ಷ ದಾಟಿದವರಿಗೆ ಶುಗರ್, ಬಿ.ಪಿ. ಪರೀಕ್ಷೆ ಉಚಿತ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ 1986ರಿಂದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಇದೆ, ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ರಾಜ್ಯ ಸರ್ಕಾರ 2024ರಲ್ಲಿ ಕೋಲಾರದಿಂದ ಆರಂಭಿಸಿದ ‘ಗೃಹ ಆರೋಗ್ಯ’ ಯೋಜನೆಯಲ್ಲಿ ಸಿಬ್ಬಂದಿ ಮನೆಬಾಗಿಲಿಗೆ ಬಂದು ತಪಾಸಣೆ ಮಾಡುವ ಕಾಯಿಲೆಗಳ ಪಟ್ಟಿಯಲ್ಲಿ ಮಧುಮೇಹಿಗಳ ಪಾದವೂ ಸೇರಿದೆ. ಆಶಾ ಕಾರ್ಯಕರ್ತೆ ಬಂದಾಗ ಬೆರಳು ಚುಚ್ಚಿಸಿಕೊಂಡು ಕಳಿಸದೆ, ‘ಅಕ್ಕಾ, ಕಾಲನ್ನೂ ಒಸಿ ನೋಡಿ’ ಎನ್ನಬೇಕು. ಡಾಕ್ಟರ ಮುಂದೆಯೂ ಕೇಳುವ ಮೊದಲೇ ಕಾಲುಚೀಲ ಬಿಚ್ಚಬೇಕು.

ಶಿವರಾತ್ರಿಗೆ ಧರ್ಮಸ್ಥಳಕ್ಕೋ ಮಲೆ ಮಹದೇಶ್ವರ ಬೆಟ್ಟಕ್ಕೋ ಪಾದಯಾತ್ರೆ ಹೊರಡುವವರು ಈ ಕಡೆ ಬಹಳ. ಅವರು ಸಂಕ್ರಾಂತಿ ಕಳೆದ ಮೇಲೆ ದಿನವೂ ನಡೆದು ಕಾಲು ಪಳಗಿಸಿಕೊಳ್ಳಬೇಕು, ಹೊಸ ಚಪ್ಪಲಿ ಅವತ್ತೇ ಮೆಟ್ಟಿ ಹೊರಡಬಾರದು. ಉಗುರನ್ನು ನೇರಕ್ಕೆ ಕತ್ತರಿಸಿರಬೇಕು, ಮೂಲೆಗೆ ಕೊರೆದರೆ ಎರಡನೇ ದಿನವೇ ಉಗುರುಸುತ್ತು. ಚೀಲದಲ್ಲಿ ಎರಡು ಜೊತೆ ಒಣ ಕಾಲುಚೀಲ, ಹತ್ತಿ, ಅಂಟುಪಟ್ಟಿ. ಬೊಬ್ಬೆ ಎದ್ದರೆ ಮೇಲಿನ ಚರ್ಮ ಕಿತ್ತುಹಾಕದೆ ಹಾಗೇ ಮುಚ್ಚಿ ಕಟ್ಟಬೇಕು. ಶುಗರ್ ಇರುವವರಿಗೆ ಬೊಬ್ಬೆ ಕಂಡ ಊರೇ ಆ ವರ್ಷದ ಯಾತ್ರೆಯ ಕೊನೆಯ ಊರು. ಅಲ್ಲಿಂದ ಮುಂದಕ್ಕೆ ಕೆ.ಎಸ್.ಆರ್.ಟಿ.ಸಿ. ಬಸ್ಸು ಸಿಗುತ್ತದೆ.